ಗುಂಡಿಯ ಮೇಲಿನ ಕೈ

ತಿರ್ಲಾಪುರದಲ್ಲಿ ಮೈಕ್ ಸೆಟ್ ಇದ್ದದ್ದು ಒಬ್ಬನ ಹತ್ತಿರವೇ, ಪಂಚಾಯಿತಿ ಚೇರಮನ್ ಪಂಢರಿನಾಥನ ಹತ್ತಿರ. ಅವನ ಹೆಸರೆತ್ತಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಸಭೆಯಾದರೂ ಅವನ ಕುರ್ಚಿ ಸೆಟ್ಟಿನ ಪಕ್ಕದಲ್ಲೇ, ಕೈ ದನಿ ಏರಿಸುವ ಗುಂಡಿಯ ಮೇಲೆ. ಮೈಕನ್ನು ನುಂಗುವ ಹಾಗೆ ಬಾಯಿಗಿಟ್ಟು ಒದರುವವನಿಗೆ ಗುಂಡಿಯನ್ನು ತುಸು ತಿರುಗಿಸಿದರೂ ಸಾಕು. ಬೇರೆಯವರು ಮಾತಾಡುವಾಗಲೂ ಅಷ್ಟಕ್ಕೇ ಇಡುತ್ತಿದ್ದ. ಅವರ ಮಾತು ಯಾರಿಗೂ ಕೇಳದಿದ್ದಾಗ, ಯಾರದೂ ತಕರಾರಿಲ್ಲ ಎಂದು ತಾನೇ ಸಾರುತ್ತಿದ್ದ.

ಎಪ್ಪತ್ಮೂರರ ಬೇಸಿಗೆಯಲ್ಲಿ ಊರಿಗೆ ಒಂದು ಕೈಪಂಪು ಮಂಜೂರಾಯಿತು. ನಮ್ಮ ಓಣಿಯ ಹೆಂಗಸರು ಹಳ್ಳದಿಂದ ಸವುಳು ನೀರು ಹೊರುತ್ತಿದ್ದೆವು. ಆ ಪಂಪನ್ನು ತನ್ನ ಅಂಗಳದೊಳಗೆ ಹಾಕಿಸಿಕೊಳ್ಳಲು ಈ ಮನುಷ್ಯ ಹೊಂಚು ಹಾಕಿದ್ದ. ಪಂಪಿನ ಜಾಗ ಗೊತ್ತುಮಾಡುವ ಸಭೆಯಲ್ಲಿ ಮಾತಾಡಲು ಒಪ್ಪಿದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಬಸಕ್ಕ ಒಬ್ಬಳೇ. ಅವಳ ದನಿಯೋ, ಪಕ್ಕದಲ್ಲಿ ಕೂತರೂ ಕಿವಿಗೊಟ್ಟು ಕೇಳಬೇಕು.

“ನಿನ್ನ ದನಿ ಯಾರಿಗೆ ಕೇಳಸ್ತೈತಿ ಬೇ?” ಎಂದು ರೇಗಿದೆ.

“ಝೆಂಡಾ ಏರಿಸಿದ ದಿನ ಸಾಲಿ ಹುಡಿಗೇರು ಹಾಡೂ ಮುಂದ ಚೇರಮನ್ ಗುಂಡಿ ಅಗದಿ ಪೂರಾ ತಿರಿವಿದ್ದಾ, ನೆನಪೈತಿಲ್ಲ? ಹಿಂದ ಕುಂತ ಮಾಸ್ತರು ಕೆಮ್ಮಿದ್ದೂ ಊರಿಗೆಲ್ಲಾ ಕೇಳಿತ್ತು. ಈಗೂ ಅಷ್ಟು ತಿರಿವೂ ಹಂಗ ಮಾಡ್ತೀನಿ,” ಎಂದಳು ಬಸಕ್ಕ.

ಸಭೆಗೆ ನವಲಗುಂದದಿಂದ ತಾಲೂಕಿನ ಸಾಹೇಬರು ಬಂದಿದ್ದರು. ಬಸಕ್ಕ ಮೈಕಿನ ಮುಂದೆ ನಿಂತು ಬರೀ ತುಟಿ ಆಡಿಸಿದಳು.

“ಏನೂ ಕೇಳವಲ್ದು!” ಎಂದು ಜನ ಕೂಗಿದರು.

“ದನಿ ಜಾಸ್ತಿ ಮಾಡ್ರಿ, ಚೇರಮನ್ರ,” ಎಂದರು ಸಾಹೇಬರು.

ಪಂಢರಿನಾಥ ಹಲ್ಲು ಕಡಿಯುತ್ತ ಗುಂಡಿ ತಿರುಗಿಸಿದ. ಅವಳು ಮತ್ತೆ ತುಟಿಯನ್ನಷ್ಟೇ ಆಡಿಸಿದಳು. ಜನ ಮತ್ತೆ ಕೂಗಿದರು. ಕೊನೆಗೆ ಗುಂಡಿ ಇನ್ನು ತಿರುಗದಷ್ಟು ತಿರುಗಿತು. ಆಗ ಬಸಕ್ಕ ಅವನತ್ತ ನೋಡಿ ಸದ್ದಿಲ್ಲದೆ ನಕ್ಕಳು. ಅವನಿಗೆ ಪಿತ್ತ ನೆತ್ತಿಗೇರಿತು. ಮೈಕು ಅದಕ್ಕೆ ಬಾಯಿಟ್ಟವರ ಮಾತನ್ನಷ್ಟೇ ಹಿಡಿಯುತ್ತದೆ ಎಂದು ತಿಳಿದಿದ್ದ ಆ ಜಾಣ, ಅವಳೊಬ್ಬಳಿಗೇ ಕೇಳುವಂತೆ ಗೊಣಗಿದ:

“ನಗು, ನಗು. ಪಂಪು ನನ್ನ ಅಂಗಳದಾಗ ಬೀಳತದ. ಕೊಡ ನೀರಿಗೆ ನೀವೆಲ್ಲಾ ಬಂದು ನನ್ನ ಕಾಲು ಹಿಡೀಬೇಕು.”

ಮರಕ್ಕೆ ಕಟ್ಟಿದ್ದ ಹಾರ್ನು ಅದನ್ನು ಇಡೀ ಊರಿಗೆ ಒದರಿತು. ಅವನ ಕೈ ಗುಂಡಿಗೆ ಹಾರಿತು.

“ಕೈ ತೆಗೀರಿ,” ಎಂದರು ಸಾಹೇಬರು.

“ನಮ್ಮ ಓಣ್ಯಾಗ ನೀರಿಲ್ರಿ ಸಾಹೇಬ್ರ. ಪಂಪು ಅಲ್ಲೇ ಹಾಕಸ್ರಿ,” ಎಂದಳು ಬಸಕ್ಕ, ತನ್ನ ಅದೇ ಸಣ್ಣ ದನಿಯಲ್ಲಿ. ಊರ ತುದಿಯಲ್ಲಿ ರೊಟ್ಟಿ ಬಡಿಯುತ್ತಿದ್ದವರಿಗೂ ಕೇಳಿತು.

ಪಂಪು ನಮ್ಮ ಓಣಿಗೇ ಬಂತು. ಹಾಕಿದ ಮರುವಾರ ಚೇರಮನ್ನನ ಹೆಂಡತಿ ದ್ವಾರಕಾಬಾಯಿ ಕೊಡ ಹಿಡಿದು, ತಲೆ ತಗ್ಗಿಸಿ ಬಂದರು. ಬಸಕ್ಕ ತಾನೇ ಪಂಪು ಹೊಡೆದು ಕೊಡ ತುಂಬಿಸಿದಳು.

“ಮನ್ಯಾಗ ಹೇಳ್ರಿ ಬಾಯಾರ,” ಎಂದಳು. “ಇಲ್ಲಿ ಯಾರ ಕಾಲೂ ಹಿಡಿಯೂದು ಬ್ಯಾಡ ಅಂತ.”