ರೇಡಿಯೋ ಸುಮ್ಮನಾದಾಗ ನಾನಾಡಿದ ಮಾತು

ಆಕಾಶದವರೂ ನೆಲದವರೂ ದಿನವಿಡೀ ಮಾತಾಡಿಕೊಳ್ಳುತ್ತಿದ್ದ ಒಂದಾನೊಂದು ಗೋಪುರದಲ್ಲಿ, ಯಾರೂ ಮಾತಾಡಿಸದ ಒಂದು ದೀಪವಿತ್ತಂತೆ. ಆ ದೀಪ ನಾನೇ.

ನಾನು ಹುಟ್ಟಿದ್ದು ಕಾರ್ಖಾನೆಯ ಮೇಜಿನ ಮೇಲೆ. ಹೊಟ್ಟೆಯಲ್ಲೊಂದು ಬಲ್ಬು, ಅದರ ಮುಂದೆ ಕೆಂಪು, ಹಸಿರು ಗಾಜು, ಕೆಳಗೊಂದು ಹಿಡಿ, ಹಿಡಿಯಲ್ಲೊಂದು ಗುಂಡಿ. ನನ್ನನ್ನು ಜೋಡಿಸಿದ ಮುದುಕ, "ರೇಡಿಯೋ ಕೆಟ್ಟು ಕಿವುಡಾದ ವಿಮಾನಕ್ಕೆ ನೀನೇ ದಾರಿ ಹೇಳಬೇಕು. ಅಲ್ಲೀತನಕ ಕಾಯ್ತಿರು ಮಗಾ" ಎಂದ. ಹೂಂ ಅಂದುಬಿಟ್ಟೆ.

ಬಯಲುಸೀಮೆಯ ಪುಟ್ಟ ವಿಮಾನ ನಿಲ್ದಾಣವೊಂದರ ಗೋಪುರದಲ್ಲಿ, ಚಾವಣಿಯ ಕೊಕ್ಕೆಗೆ ನನ್ನನ್ನು ತೂಗುಹಾಕಿದರು. ಹತ್ತೊಂಬತ್ತು ವರ್ಷ ತೂಗಿದೆ. ಕೆಳಗೆ ರೇಡಿಯೋ ಹರಟುತ್ತಲೇ ಇರುತ್ತಿತ್ತು. ಪೈಲಟ್‌ಗಳು ಅದಕ್ಕೆ ನಮಸ್ಕಾರ ಹೇಳುತ್ತಿದ್ದರು, ಗಾಳಿ ಎತ್ತ ಬೀಸುತ್ತಿದೆಯೆಂದು ಕೇಳುತ್ತಿದ್ದರು. ನನ್ನನ್ನು ದಿನಕ್ಕೊಮ್ಮೆ ಪರೀಕ್ಷೆಗೆಂದು ಹೊತ್ತಿಸುತ್ತಿದ್ದರು. ಖಾಲಿ ಆಕಾಶಕ್ಕೆ ಹಸಿರು ತೋರಿಸುತ್ತಿದ್ದೆ. ಒಂದು ಹದ್ದೂ ತಿರುಗಿ ನೋಡುತ್ತಿರಲಿಲ್ಲ.

ಮೊದಲು ನಾನು ಹಿರಿಯ ಅಧಿಕಾರಿ ದೇಸಾಯರ ಕೈಯಲ್ಲಿದ್ದೆ. ಆಮೇಲೆ ಹೊಸದಾಗಿ ಬಂದ ನಿರುಪಮಾ ಬಳಿಗಾರಳ ಪಾಲಿಗೆ ಬಂದೆ. ಅವಳು ದಿನಾ ನನ್ನ ಗಾಜು ಒರೆಸುತ್ತಿದ್ದಳು.

"ಆ ಜೋತಬಿದ್ದ ಬಾವಲೀನ ಎಷ್ಟ್ ಒರಸ್ತೀಯವಾ?" ಎಂದು ದೇಸಾಯರು ಒಂದು ದಿನ ನಕ್ಕರು. "ಮುಂದಿನ ವಾರ ಹೊಸಾದು ಬರ್ತದ. ಇದು ಗೋದಾಮಿಗೆ."

"ಹೋಗೂತನಕಾನಾದ್ರೂ ಹೊಳೀಲಿ ಬಿಡ್ರಿ ಸರ್, ನಿಮ್ಮ ತಲಿ ಹೊಳಿಯೂ ಹಂಗ."

ಗೋದಾಮು! ಕೊಟ್ಟ ಮಾತು ಹಾಗೇ ಉಳಿಯುವುದೆ?

ಮರುದಿನ ಮಧ್ಯಾಹ್ನ ಮುಬೀನಾ ನದಾಫ್ ಎಂಬ ಹುಡುಗಿ, ಪೈಲಟ್ ತರಬೇತಿಯವಳು, ಮೊದಲ ಸಲ ಒಬ್ಬಳೇ ಹಾರಿದಳು. ಎರಡನೇ ಸುತ್ತಿನಲ್ಲಿ ಅವಳ ದನಿ ಅರ್ಧಕ್ಕೇ ತುಂಡಾಯಿತು. ನಿರುಪಮಾ ಕರೆದಳು, ಮತ್ತೆ ಕರೆದಳು. ಬರೀ ಕರಕರ ಸದ್ದು. ವಿಮಾನ ಇಳಿಯಲೆಂದು ತಿರುಗಿತು. ಅದು ದೂರವಿದ್ದಾಗ ರನ್‌ವೇ ದಾಟಲು ಹೊರಟಿದ್ದ ಹುಲ್ಲು ಕೊಯ್ಯುವ ಟ್ರ್ಯಾಕ್ಟರು ನಟ್ಟನಡುವೆ ಕೆಟ್ಟು ನಿಂತಿತ್ತು.

"ಕೆಂಪು ತೋರಸ್ ನಿರುಪಮಾ, ಕೆಂಪು!" ಎಂದು ದೇಸಾಯರು ಕೂಗಿದರು. ಅವಳು ನನ್ನನ್ನು ಕೊಕ್ಕೆಯಿಂದ ಇಳಿಸಿ, ವಿಮಾನದತ್ತ ಹಿಡಿದು ಗುಂಡಿ ಒತ್ತಿದಳು.

ಯಾರಿಗಾದರೂ 'ಬಾ' ಎನ್ನಲು ಇಷ್ಟು ವರ್ಷ ಹಂಬಲಿಸಿದವನು ನಾನು. ನನ್ನ ಮೊದಲ ಮಾತೇ 'ಬರಬೇಡ, ಸುತ್ತುತ್ತಿರು' ಎಂದಾಯಿತು. ನನ್ನ ಬೆಳಕು ಬಲು ಸಪೂರ. ಒಂದಿಷ್ಟು ಕದಲಿದರೂ ಗುರಿ ತಪ್ಪೀತು. ನಿರುಪಮಾ ಮೊಣಕೈಯನ್ನು ಕಿಟಕಿಗೆ ಊರಿದಳು. ಇತ್ತ ನೋಡು ತಾಯಿ, ಒಂದೇ ಒಂದು ಸಲ.

ನೋಡಿದಳು ಮುಬೀನಾ! ವಿಮಾನದ ರೆಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. ಮಾತು ನಿಂತ ವಿಮಾನ 'ತಿಳಿಯಿತು' ಎನ್ನುವುದು ಹಾಗೆ. ನನಗೆ ಬಂದ ಮೊದಲ ಉತ್ತರ ಅದು. ಓದಿ ಮುಗಿಸುವಷ್ಟರಲ್ಲಿ ಅವಳು ಮೇಲೇರಿ ದೂರ ಹೋಗಿದ್ದಳು.

ಕೆಳಗೆ ನಾಲ್ವರು ಟ್ರ್ಯಾಕ್ಟರನ್ನು ದೂಡುತ್ತಿದ್ದರು.

"ಕೈ ಸೋತಿರ್ಬೇಕು, ನಾ ಹಿಡೀಲೇನವಾ?" ಎಂದರು ದೇಸಾಯರು.

"ಬ್ಯಾಡ್ರಿ ಸರ್. ಆಕಿ ಇದನ್ನ ನೋಡಾಕತ್ಯಾಳ. ಅಲಗಿದ್ರ ಹುಡುಕ್ತಾಳ."

ಟ್ರ್ಯಾಕ್ಟರು ಹುಲ್ಲಿಗಿಳಿಯಿತು. ನನ್ನೊಳಗೆ ಗಾಜು ಸರಿಯಿತು. ನಾನು ಹಸಿರಾದೆ. ಬಾ ಮಗಳೇ, ಬಾ.

ಬಂದಳು. ಚಕ್ರ ಒಮ್ಮೆ ಪುಟಿಯಿತು, ಇನ್ನೊಮ್ಮೆ ಪುಟಿಯಿತು, ಆಮೇಲೆ ನೆಲ ಹಿಡಿದು ಓಡಿತು. ಅದು ಪೂರಾ ನಿಲ್ಲುವವರೆಗೂ ನಿರುಪಮಾ ಗುಂಡಿ ಬಿಡಲಿಲ್ಲ.