ಬೂಟು ಹಾಕಿದ ಬಾತುಕೋಳಿ

ಮಗಳು ಕೋವಿಯ ಎಡಪಕ್ಕದ ಕೊನೆಯ ಸ್ಕ್ರೂ ಸಡಿಲಿಸುವ ಹೊತ್ತಿಗೆ ಅಪ್ಪ ಮೂರನೆಯ ಹುಲಿಯನ್ನು ಕೊಲ್ಲುತ್ತಿದ್ದ. ಅದೂ ಕಣ್ಣು ಮುಚ್ಚಿಕೊಂಡು, ಒಂದೇ ತೋಟಾದಲ್ಲಿ. ಎದುರಿಗೆ ಕೂತಿದ್ದ ದಂತವೈದ್ಯೆ ದಿನವೂ ಬಾಯಿಗಳನ್ನು ನೋಡುವವಳೇ. ಇಷ್ಟು ದೊಡ್ಡ ಬಾಯಿ ಮಾತ್ರ ಅವಳಿಗೂ ಹೊಸದು.

ಆ ಬೀದಿಯಲ್ಲಿ ಮುದುಕನಷ್ಟು ಬುರುಡೆ ಬಿಡುವವನು ಹುಟ್ಟಿರಲಿಲ್ಲ; ಮುಂದೆ ಯಾರಾದರೂ ಹುಟ್ಟಿದರೆ ಅವನ ಹತ್ತಿರವೇ ಟ್ಯೂಷನ್ನಿಗೆ ಬರಬೇಕು. ಅವನು ಹೊಡೆದ ಹುಲಿಗಳನ್ನು ಸಾಲಾಗಿ ಮಲಗಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತಿತ್ತು. ಎಂಬತ್ತಾರರ ವಯಸ್ಸಿಗೆ ಕೈ ನಡುಗತೊಡಗಿದ ಮೇಲೆ ರಿಪೇರಿ ಮಗಳದು, ಮಾತು ಅವನದು. ಆದರೆ ಅವರ ಕೋವಿ ರಿಪೇರಿ ಅಂಗಡಿಯಿಂದ ಬರೆದುಕೊಟ್ಟ ಪತ್ರ ಅರವತ್ತು ವರ್ಷಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ.

ದಂತವೈದ್ಯೆಗೆ ಬೇಕಾದದ್ದೂ ಆ ಪತ್ರವೇ. ಅವಳ ಅಜ್ಜನ ಜೋಡುನಳಿಗೆ ಕೋವಿಯನ್ನು ಅಜ್ಜನ ಹೆಸರಿನಲ್ಲೇ ಪ್ರದರ್ಶನಕ್ಕಿಡಲು ವಸ್ತುಸಂಗ್ರಹಾಲಯದವರು ಒಪ್ಪಿದ್ದರು. ತೋಟಾಕ್ಕೆ ಬಡಿಯುವ ಎಡಗಡೆಯ ಸುತ್ತಿಗೆ, ಎಡಗುದುರೆ, ಎತ್ತಿದರೆ ನಿಲ್ಲುತ್ತಿರಲಿಲ್ಲ, ಅದು ಸರಿಯಾಗಬೇಕು. ಮಾಡಿದವರು ಯಾರೆಂದು ಈ ಅಂಗಡಿ ಬರೆದುಕೊಡಬೇಕು. ನಳಿಗೆಯ ಮೇಲೆ ಕಡಲಾಚೆಯ ಪ್ರಖ್ಯಾತ ತಯಾರಕನ ಹೆಸರು ಚಿನ್ನದಲ್ಲೇ ಇತ್ತು. ವಿಚಿತ್ರವೆಂದರೆ, ಬೆಳಗಿನಿಂದ ಮುದುಕ ಈ ಕೋವಿಯೊಂದನ್ನು ಬಿಟ್ಟು ಮಿಕ್ಕೆಲ್ಲದರ ಬಗ್ಗೆ ಮಾತಾಡಿದ್ದ.

ಮಗಳು ಕೋವಿಯ ಎಡಪಕ್ಕದ ಉಕ್ಕಿನ ಹಲಗೆಯನ್ನು ಎತ್ತಿದಳು. ಒಂದು ಕೂದಲೂ ಅಪ್ಪಣೆ ಕೇಳಿ ಒಳಗೆ ಹೋಗಬೇಕು, ಹಾಗಿತ್ತು ಹಲಗೆ ಕೂರಿಸಿದ ಕೆಲಸ. ಸ್ಪ್ರಿಂಗ್ ಎರಡು ತುಂಡಾಗಿತ್ತು. ಹಲಗೆಯ ಒಳಮೈಗೆ ಅಂಟಿದ್ದ ಹಳೆಯ ಎಣ್ಣೆಯನ್ನು ಒರೆಸಿದಾಗ ಉಗುರಿನಷ್ಟೇ ಗಾತ್ರಕ್ಕೆ ಕೊರೆದ ಒಂದು ಬಾತುಕೋಳಿ ಕಾಣಿಸಿತು. ಅದರ ಒಂದು ಕಾಲಿಗೆ ಮಾತ್ರ ಬೂಟು.

ಅವಳು ಚಿಕ್ಕವಳಿದ್ದಾಗ ಅತ್ತರೆ ಅಪ್ಪ ಸ್ಲೇಟಿನ ಮೇಲೆ ಇದೇ ಬಾತನ್ನು ಬರೆಯುತ್ತಿದ್ದ. ಇನ್ನೊಂದು ಬೂಟೆಲ್ಲಿ ಎಂದು ಕೇಳಿದರೆ, ನೀನೇ ಹುಡುಕು ಎನ್ನುತ್ತಿದ್ದ.

ಅವಳು ಹಲಗೆಯನ್ನು ಅಪ್ಪನ ಕಡೆ ತಿರುಗಿಸಿ ಹಿಡಿದಳು. ನಾಲ್ಕನೆಯ ಹುಲಿ ಬದುಕಿಕೊಂಡಿತು.

ಮಗಳು ಕೇಳಿದ್ದಕ್ಕೆ ಅವನು ನಾಲ್ಕೇ ಮಾತಿನಲ್ಲಿ ಹೇಳಿದ. ಅಸಲಿ ಕೋವಿಯನ್ನು ದಂತವೈದ್ಯೆಯ ಅಜ್ಜನ ಡ್ರೈವರ್ ದೋಣಿಯಿಂದ ಹೊಳೆಗೆ ಬೀಳಿಸಿದ್ದ. ಗೊತ್ತಾದರೆ ಕೆಲಸ ಹೋಗುತ್ತದೆಂದು ಇಲ್ಲಿ ಬಂದು ಅತ್ತ. ಕೋವಿ ರಿಪೇರಿಗೆ ಹೋಗಿದೆಯೆಂದು ಮನೆಯಲ್ಲಿ ನಂಬಿಸಿದ. ಅಪ್ಪ ಫೋಟೋಗಳನ್ನು ನೋಡಿಕೊಂಡು ಎರಡು ವರ್ಷ ಕೂತು, ಚಿನ್ನದ ಹೆಸರಿನ ಸಮೇತ, ಈ ಕೋವಿಯನ್ನು ಮಾಡಿದ.

"ಇಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಾರೆ ಪುಟ್ಟಿ?"

ಐವತ್ತು ದಾಟಿದ ಪುಟ್ಟಿ ಮುರಿದ ಸ್ಪ್ರಿಂಗಿನ ತುಂಡುಗಳನ್ನು ಹೊರಗೆ ತೆಗೆದಿಟ್ಟಳು. ದಂತವೈದ್ಯೆ ನಳಿಗೆಯ ಮೇಲಿನ ಚಿನ್ನದ ಹೆಸರನ್ನು ಬೆರಳಿನಿಂದ ಸವರಿದಳು.

"ನಮ್ಮಜ್ಜನಿಗೆ ಗೊತ್ತಿತ್ತಾ?"

"ಇಲ್ಲಮ್ಮ." ಅವನ ಜೀವಮಾನದ ಅತಿ ಚಿಕ್ಕ ಮಾತು ಅದು.

ಮಗಳು ಅಂಗಡಿಯ ಕಾಗದ ತೆಗೆದು, ಮಾಡಿದವರು ಎಂಬಲ್ಲಿ ಅಪ್ಪನ ಹೆಸರು ಬರೆದು, ಸಹಿ ಹಾಕಿ ಮುಂದಿಟ್ಟಳು. ಬೇಡವಾದರೆ ಹರಿದುಹಾಕಿ, ಬೇರೆ ಬರೆಯಲಾಗುವುದಿಲ್ಲ ಎಂದಳು. ದಂತವೈದ್ಯೆ ಬಹಳ ಹೊತ್ತು ಓದಿದಳು. ಅದನ್ನು ಹರಿಯಲೂ ಇಲ್ಲ, ಚೀಲಕ್ಕೆ ಹಾಕಿಕೊಳ್ಳಲೂ ಇಲ್ಲ. ಹಲಗೆಯ ಮೇಲೆ ಬಾಗಿ ಬಾತಿನ ಬರಿಗಾಲನ್ನು ನೋಡಿದಳು.

"ಬಲಗಡೇದನ್ನೂ ಬಿಚ್ತೀರಾ?" ಎಂದು ಕೇಳಿದಳು.

ಆ ಕಡೆ ಕೆಟ್ಟದ್ದೇನೂ ಇರಲಿಲ್ಲ. ಮಗಳು ಅಪ್ಪನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ್ದ. ಅವಳು ಕೋವಿಯನ್ನು ಮಗ್ಗುಲಾಗಿಸಿ ಒಂದೊಂದೇ ಸ್ಕ್ರೂ ತೆಗೆದಳು, ಹಲಗೆಯನ್ನು ಎತ್ತಿ ಬಟ್ಟೆಯಿಂದ ಒರೆಸಿದಳು. ಉಕ್ಕಿನ ಒಂದು ಮೂಲೆಯಲ್ಲಿ, ಲಾಡಿ ಬಿಚ್ಚಿಕೊಂಡ ಒಂಟಿ ಬೂಟೊಂದು ಬಿದ್ದಿತ್ತು.