ಮಕ್ವಾಕ್ವಾ ಯಜಮಾನರ ಮುಕ್ಕಾಲಿ

ನಮ್ಮೂರಿನಲ್ಲಿ ಚರ್ಚು ಕಟ್ಟಲು ಬಂದ ಪಾದ್ರಿ ಕಂಪಾಂಬಾ ಉತ್ತರದ ಬೆಂಬಾ ಜನದವರು. ನಾವು ಅಂಗೋನಿಗಳು. ನಮ್ಮ ಅಜ್ಜಂದಿರೂ ಅವರ ಅಜ್ಜಂದಿರೂ ಈಟಿ ಹಿಡಿದು ಕಾದಾಡಿದವರು. ಈಟಿಗಳಿಗೆ ತುಕ್ಕು ಹಿಡಿದ ಮೇಲೆ ಕಾದಾಟ ನಾಲಿಗೆಗೆ ಬಂತು. ಅಂದಿನಿಂದ ಬೆಂಬಾದವರೂ ನಾವೂ ಭಾವನೆಂಟರು. ಕಂಡಲ್ಲಿ ಹಂಗಿಸಬಹುದು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಬಹುದು. ಸಿಟ್ಟಾದವನು ಸೋತ ಹಾಗೆ.

ಬಂದ ದಿನವೇ ಊರ ಯಜಮಾನ ಮಕ್ವಾಕ್ವಾ ತಮ್ಮ ಮುಕ್ಕಾಲಿಯ ಮೇಲೆ ಕೂತು ವಿಚಾರಿಸಿದರು. “ಬಾರಯ್ಯ ಭಾವ. ಚೀಲದಲ್ಲೇನು, ಹುರಿದ ಕೋತಿನೋ ಹಸಿ ಕೋತಿನೋ?”

ಬೆಂಬಾದವರು ಕೋತಿ ತಿನ್ನುತ್ತಾರೆಂದು ನಾವು, ನಾವು ಇಲಿ ತಿನ್ನುತ್ತೇವೆಂದು ಅವರು ಹಂಗಿಸುವುದು ವಾಡಿಕೆ. ಇಲಿಯ ಮಾತು ನಿಜ, ರುಚಿಯೂ ಚೆನ್ನ. ಇಡೀ ಊರು ಉತ್ತರಕ್ಕೆ ಕಿವಿ ನಿಮಿರಿಸಿತು. ಪಾದ್ರಿ ಕಣ್ಣು ತಗ್ಗಿಸಿ, “ದೇವರು ತಮ್ಮನ್ನು ಆಶೀರ್ವದಿಸಲಿ, ಹಿರಿಯರೇ” ಎಂದರು.

ಈ ಮಾತನ್ನು ಅವರದೇ ಮೂಗುಸ್ವರದಲ್ಲಿ ನಾನು ಸಂಜೆ ಕೈಪಂಪಿನ ಬಳಿ ಆಡಿ ತೋರಿಸಿದೆ. ಹೆಂಗಸರು ನಕ್ಕು ನಕ್ಕು ಬಕೆಟ್ಟು ಉರುಳಿಸಿದರು. ನಾನು ಶಾಲೆಯ ಮೇಷ್ಟ್ರು, ಪಾದ್ರಿಯ ಹಾಡುಗಾರರ ಗುಂಪಿಗೂ ನಾನೇ ಮುಂದಾಳು. ಆದ್ದರಿಂದ ಅವರ ಧ್ವನಿಯ ಮೇಲೆ ನನಗೆ ಅರ್ಧ ಹಕ್ಕಿತ್ತು.

ಪ್ರಾರ್ಥನೆ ನಡೆಯುತ್ತಿದ್ದದ್ದು ಮಾವಿನ ಮರದ ಕೆಳಗೆ. ಮಳೆಗೆ ಮುಂಚೆ ಜಾಗ ಸಿಗದಿದ್ದರೆ ಪಾದ್ರಿಯನ್ನು ಬೇರೆ ಊರಿಗೆ ಕಳಿಸುವುದೆಂದು ಚರ್ಚಿನ ಮೇಲಿನವರು ಹೇಳಿದ್ದರು. ಜಾಗ ಕೊಡಬೇಕಾದವರು ಮಕ್ವಾಕ್ವಾ. ಅವರೋ, ಈ ಭಾವನಿಗೆ ಭಾವನೆಯೇ ಇಲ್ಲವೇ ಎಂದು ನೋಡಲು ಒಂದು ಬೆಳಿಗ್ಗೆ ಚರ್ಚಿನ ಗಂಟೆಯನ್ನೇ ಎತ್ತಿಕೊಂಡು ಹೋದರು. ಗಂಟೆಯೆಂದರೆ ಮರಕ್ಕೆ ನೇತುಹಾಕಿದ್ದ ಲಾರಿ ಚಕ್ರದ ಕಬ್ಬಿಣದ ಬಳೆ. ಅದು ಅವರ ಮೇಕೆ ದೊಡ್ಡಿಯಲ್ಲಿ ತೂಗಾಡತೊಡಗಿತು.

ಪಾದ್ರಿ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಕೈಮುಗಿದರು. “ತಮಗೆ ಅನುಕೂಲವಾದಾಗ ಗಂಟೆ ಹಿಂದಿರುಗಿಸಬೇಕು, ಹಿರಿಯರೇ.”

ಮಕ್ವಾಕ್ವಾ ಅವರ ಮುಖ ಬಾಡಿತು. ತಾವೇ ಗಂಟೆ ಬಿಚ್ಚಿ ತಂದರು. “ತಪ್ಪಾಯ್ತು ಸ್ವಾಮಿ. ಇನ್ಮೇಲೆ ತಮಾಷೆ ಮಾಡಲ್ಲ.”

“ಮತ್ತೆ ಜಾಗದ ವಿಷಯ?”

“ಅತಿಥಿಗಳಿಗೆ ಊಟ ಹಾಕ್ತೀವಿ ಸ್ವಾಮಿ. ಜಾಗ ಕೊಡೋದು ನೆಂಟ್ರಿಗೆ.”

‘ಭಾವ’ ಹೋಗಿ ‘ಸ್ವಾಮಿ’ ಬಂದದ್ದು ಕೇಳಿ, ಜಾಗ ಕೈತಪ್ಪಿತೆಂದು ನನಗೆ ಗೊತ್ತಾಯಿತು. ಪಾದ್ರಿಗೆ ಮಾತ್ರ ಗಂಟೆ ಸಿಕ್ಕಿದ ಸಮಾಧಾನ.

ಪಾದ್ರಿಯ ಮನೆಯಲ್ಲಿ ಅವರ ಹೆಂಡತಿ ಕಸುಬಾ ನಮಗೆ ಜೋಳದ ಮುದ್ದೆ ಬಡಿಸುತ್ತಾ ನಡೆದದ್ದನ್ನೆಲ್ಲ ಕೇಳಿದಳು. “ನಮ್ಮ ಕಡೆ ಕಸಾಮಾ ಸಂತೇಲಿ ಅಂಗೋನಿಗಳ ಟೋಪಿ ಕಿತ್ಕೊಂಡು ಓಡ್ತಿದ್ದೋರು ಯಾರು? ನೀವೇ ಅಲ್ವಾ?”

“ಆಗ ನಾನು ಪಾದ್ರಿ ಆಗಿರ್ಲಿಲ್ಲ ಕಣೆ. ಪಾದ್ರಿ ಬಾಯಲ್ಲಿ ಹಂಗಿಸೋ ಮಾತು ಬರಬಾರ್ದು ಅಂತ ಕಲಿಸಿದಾರೆ.”

“ಕಲಿಸಿದೋರಿಗೆ ಭಾವಂದಿರು ಇರ್ಲಿಲ್ಲ ಅನ್ಸುತ್ತೆ. ಪಾಪ, ಆ ಮುದುಕ ದಿನಾ ನಿಮ್ಮನ್ನ ನೆಂಟ ಅಂತ ಕರೀತಿದ್ದ. ನೀವು ದಿನಾ ಅಲ್ಲ ಅಂತಿದ್ರಿ.”

ಪಾದ್ರಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗುವುದನ್ನೇ ಮರೆಯಿತು.

ಭಾನುವಾರ ಮಕ್ವಾಕ್ವಾ ಮುಕ್ಕಾಲಿ ತಂದು ದೂರದಲ್ಲಿ, ಅಪರಿಚಿತರ ಮನೆಗೆ ಬಂದವರಂತೆ ಕೂತರು. ಪಾದ್ರಿ ನೋಹನ ಹಡಗಿನ ಕತೆ ತೆಗೆದರು. “ಪ್ರಾಣಿಗಳೆಲ್ಲ ಜೋಡಿ ಜೋಡಿಯಾಗಿ ಹತ್ತಿದವು. ನೀರು ಇಳಿದ ಮೇಲೆ ನೋಹ ಬಾಗಿಲು ತೆರೆದು ನೋಡ್ತಾನೆ, ಇಲಿಗಳೇ ಇಲ್ಲ. ಬರೀ ಬಾಲ.” ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಮೂಲೆಯಲ್ಲಿ ಒಬ್ಬ ಅಂಗೋನಿ ಮುದುಕ ಮುಕ್ಕಾಲಿ ಮೇಲೆ ಕೂತು ಬಾಯಿ ಒರೆಸ್ಕೋತಾ ಇದ್ದ.”

ಎಲ್ಲರ ಕತ್ತೂ ಮುಕ್ಕಾಲಿಯತ್ತ ತಿರುಗಿತು.

ಮಕ್ವಾಕ್ವಾ ನಿಧಾನವಾಗಿ ಎದ್ದರು. “ಪೂರ್ತಿ ಕತೆ ಹೇಳಪ್ಪ. ಆ ಮುದುಕ ಯಾಕೆ ಇಲಿ ತಿಂದ? ಹಡಗಿನ ಅಡುಗೆಯವನು ಬೆಂಬಾದವನು, ದಿನಾ ಕೋತಿ ಸಾರೇ ಮಾಡ್ತಿದ್ದ.”

ಮರವೇ ನಕ್ಕಂತಾಯಿತು. ಕಸುಬಾ ಕಟ್ಟಿದ್ದ ಕೈ ಬಿಚ್ಚಿ ಉದ್ದಕ್ಕೆ ಕೇಕೆ ಹಾಕಿದಳು. ನನ್ನ ಹಾಡುಗಾರರು ಯಾರೂ ಹೇಳದೆಯೇ ಡೋಲು ಬಡಿದರು. ಮಕ್ವಾಕ್ವಾ ಜನರ ನಡುವೆ ನುಗ್ಗಿ ಹೋಗಿ, ಮರದಾಚೆ ತಮ್ಮ ಮನೆಯ ಎದುರಿನ ಬಯಲಿನಲ್ಲಿ ಊರುಗೋಲು ನೆಟ್ಟರು. “ಇಲ್ಲೇ ಕಟ್ಟು ಭಾವ. ಬೆಳಿಗ್ಗೆ ಎದ್ದ ತಕ್ಷಣ ಬೈಯೋಕೆ ನೀನು ಹತ್ರ ಇರ್ಬೇಕು.”

ಅಷ್ಟರಲ್ಲಿ ಪಾದ್ರಿ, ಮಕ್ವಾಕ್ವಾ ಬಿಟ್ಟುಹೋದ ಮುಕ್ಕಾಲಿಯನ್ನು ತಲೆಯ ಮೇಲಿಟ್ಟುಕೊಂಡು ಓಡುತ್ತಿದ್ದರು.

“ಲೋ ಕೋತಿ, ನನ್ನ ಮುಕ್ಕಾಲಿ ಕಣೋ ಅದು.”

“ಇನ್ಮೇಲೆ ಚರ್ಚಿಂದು. ಬೇಕಾದ್ರೆ ಭಾನುವಾರ ಬಂದು ಕೂತ್ಕೊ, ಭಾವ.”

ಈಗ ಚರ್ಚಿಗೆ ಇಟ್ಟಿಗೆ ಗೋಡೆಯಿದೆ, ತಗಡಿನ ಸೂರಿದೆ. ಮುಂದಿನ ಸಾಲಿನಲ್ಲಿ ಬೆಂಚುಗಳ ನಡುವೆ ಒಂದು ಮುಕ್ಕಾಲಿ. ಮಕ್ವಾಕ್ವಾ ಒಂದು ವಾರವೂ ತಪ್ಪಿಸುವುದಿಲ್ಲ. ಭಕ್ತಿ ಬಂತೇ ಎಂದು ಯಾರಾದರೂ ಕೇಳಿದರೆ, “ನನ್ನ ಮುಕ್ಕಾಲಿ ನೋಡ್ಕೊಳ್ಳೋಕೆ ಬರ್ತೀನಪ್ಪ” ಎನ್ನುತ್ತಾರೆ. ಆಮೇಲೆ ಎಲ್ಲರಿಗಿಂತ ಜೋರಾಗಿ, ಶ್ರುತಿ ತಪ್ಪಿ ಹಾಡುತ್ತಾರೆ.